ನಾದವೂ ಜನಸಮೂಹವೂ

ಬಹುಜನರನ್ನು ತಣಿಸಲೆಳಸುವ ಕಲೆಯು ತನ್ನ ಶುದ್ಧಿಯನ್ನು ಉಳಿಸಿಕೊಳ್ಳಬಲ್ಲುದೆ? ಇದು ಹಳೆಯ ಪ್ರಶ್ನೆ. ಸಂಗೀತವು ಕೆಲವೇ ರಸಿಕರ ಸನ್ನಿಧಿಯಲ್ಲಿ ಬೆಳೆಯತಕ್ಕದ್ದು, ಸಹಸ್ರಾರು ಮಂದಿ ನೆರೆದೆಡೆಯಲ್ಲಿ ಸದ್ದು ಹೆಚ್ಚಿ ರಸವು ಕುಗ್ಗುವುದು ಎಂಬುದು ಪೂರ್ವಪಕ್ಷ. ಈ ಪಕ್ಷದವರು ಲಂಡನ್ನಿನಲ್ಲಿ 1970ರಲ್ಲಿ ಹುಟ್ಟಿದ ‘ಕ್ವೀನ್’ ಎಂಬ ಗಾಯಕಮೇಳವನ್ನು ನಿದರ್ಶನವಾಗಿ ತೋರಿಸಬಹುದು. ಆ ಮೇಳವು 1977ರಲ್ಲಿ ಹೊರತಂದ ‘ವಿ ವಿಲ್ ರಾಕ್ ಯು’ ಎಂಬ ಹಾಡಿಗೆ ಕಾಲಿನ ತುಳಿತವೂ ಕೈಚಪ್ಪಾಳೆಯೂ ತಾಳ. ಕ್ರೀಡಾಂಗಣದಲ್ಲಿ ಶ್ರೋತೃಗಳೇ ತಾಳಧಾರಿಗಳಾಗುವರು. 1985ರ ಜುಲೈ 13ರಂದು ವೆಂಬ್ಲಿಯಲ್ಲಿ ಅವರನ್ನು ಕೇಳಿದವರು ಸುಮಾರು 72,000 ಮಂದಿ. ಇಷ್ಟು ಜನರ ನಡುವೆ ಸೂಕ್ಷ್ಮಕ್ಕೆ ಎಡೆಯೆಲ್ಲಿ ಎಂಬುದು ಆಕ್ಷೇಪ.

ಇದನ್ನು ಪರೀಕ್ಷಿಸಲು ಸೋಸಲೆಯ ನೆರೆಯಲ್ಲಿಯೇ ಒಂದು ಉದಾಹರಣೆಯುಂಟು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಪಿಟೀಲಿನಲ್ಲಿ ಪ್ರವೀಣರಾದರು. ಆಗಿನ ಸಭೆಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಹಿಂದೆ ಕುಳಿತವರಿಗೆ ಪಿಟೀಲು ಚೆನ್ನಾಗಿ ಕೇಳಿಸುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ನುಡಿಸತೊಡಗಿದರು. ನಾದವು ಸಭೆಯ ಕೊನೆಯನ್ನು ಮುಟ್ಟಿತು.

ಧರ್ಮಸೂಕ್ಷ್ಮವು ಇಲ್ಲಿಯೇ ಇರುವುದು. ಪಕ್ಕವಾದ್ಯದವನ ಧರ್ಮವು ಗಾಯಕನನ್ನು ಅನುಸರಿಸುವುದು. ಅವನ ವಾದ್ಯಕ್ಕೆ ಬಲವು ಹೆಚ್ಚಿದಷ್ಟೂ ಗಾಯಕನನ್ನು ಮುಚ್ಚಿಬಿಡುವ ಪ್ರಲೋಭನವೂ ಹೆಚ್ಚುವುದು. ಆದರೂ ಚೆಂಬೈ ವೈದ್ಯನಾಥ ಭಾಗವತರಂತಹ ಮಹಾವಿದ್ವಾಂಸರು ಚೌಡಯ್ಯನವರನ್ನು ಮತ್ತೆ ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಪದವಿಯು ಅವರಿಗೆ ಸಂದಿತು. ಬಲವು ಸಂಯಮದ ಅಂಕೆಯಲ್ಲಿದ್ದರೆ ಅದು ದೋಷವಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಸೋಸಲೆಯ ಮಠವು ಯಾರ ಪರಂಪರೆಗೆ ಸೇರಿದುದೋ ಆ ವ್ಯಾಸರಾಯರ ನಡತೆಯೂ ಇದನ್ನೇ ಸಾರುವುದು. ತರ್ಕಪಂಡಿತರಿಗಾಗಿ ಸಂಸ್ಕೃತದಲ್ಲಿ ‘ನ್ಯಾಯಾಮೃತ’ವನ್ನು ರಚಿಸಿದವರೇ ಕನ್ನಡದಲ್ಲಿ ದೇವರನಾಮಗಳನ್ನೂ ಹಾಡಿದರು. ಹಾಗೆ ಹಾಡಿದುದರಿಂದ ಶಾಸ್ತ್ರವು ಕೆಳಗಿಳಿಯಲಿಲ್ಲ. ಶಾಸ್ತ್ರದ ಬಾಗಿಲನ್ನು ಕಾಣದವರಿಗೂ ಅದರ ಸಾರವು ದೊರಕಿತು.

ಆದುದರಿಂದ ಸಮಾಧಾನವಿದು. ಸಭೆಯ ಹಿರಿತನವು ಕಲೆಯನ್ನು ಕೆಡಿಸುವುದಿಲ್ಲ. ಕಲಾವಿದನು ತಲೆಗಳನ್ನು ಎಣಿಸುವನೋ, ಕೊನೆಯ ಸಾಲಿನಲ್ಲಿ ಕುಳಿತವನನ್ನು ನೆನೆಯುವನೋ ಎಂಬುದೇ ನಿರ್ಣಾಯಕ. ಮೊದಲನೆಯದು ಲೋಭ, ಎರಡನೆಯದು ದಯೆ. ವೆಂಬ್ಲಿಯ ಮೇಳವನ್ನಾದರೂ ಈ ಒರೆಗಲ್ಲಿಗೆ ಹಚ್ಚಿಯೇ ನೋಡಬೇಕಲ್ಲದೆ ಅದರ ಸದ್ದನ್ನು ಕೇಳಿದೊಡನೆ ಹಳಿಯುವುದು ನ್ಯಾಯವಲ್ಲ. ಮುಂದಿನ ಸಾಲಿನ ಪಂಡಿತನಿಗೆ ಕೇಳಿಸಿದ ರಾಗವು ಹಿಂದಿನ ಸಾಲಿನ ಒಕ್ಕಲಿಗೂ ಕೇಳಿಸಿದಲ್ಲಿ ರಾಗಕ್ಕೆ ನಷ್ಟವೇನು?