ಯಂತ್ರದ ಒಳಮಾತು

ಸ್ಟಿಯರಿಂಗಿನ ಕೆಳಗೆ, ಮೊಣಕಾಲು ತಾಗುವಲ್ಲಿ, 16 ಪಿನ್ನುಗಳ ಒಂದು ಬಾಯಿ ಇದೆ. ಕಾರು ಕೊಂಡವರಲ್ಲಿ ಬಹುಮಂದಿ ಅದನ್ನು ಒಮ್ಮೆಯೂ ಮಾತಾಡಿಸದೆ ಕಾರು ಮಾರಿಬಿಡುತ್ತಾರೆ.

ಆ ಬಾಯಿ ತೆರೆದದ್ದು ಗಾಳಿಯ ಸಲುವಾಗಿ. ಹೊಗೆಯ ಲೆಕ್ಕ ಕೇಳಲೆಂದು ಅಮೆರಿಕ 1996ರಲ್ಲಿ ಅದನ್ನು ಕಡ್ಡಾಯ ಮಾಡಿತು. ಗಾಳಿಗೆಂದು ತೆಗೆದ ಬಾಗಿಲಲ್ಲಿ ಮಾಲೀಕನೂ ಒಳಹೊಕ್ಕ. ಅವನ ಸ್ಕ್ಯಾನರ್ ಎಂದರೆ ಆ ಬಾಯಿಗೆ ಸಿಕ್ಕಿಸುವ ಒಂದು ಡಾಂಗಲ್, ಮೊಬೈಲಿನಲ್ಲಿ ಒಂದು ಆ್ಯಪ್.

ಹೊಗೆಯ ವಿಷಯದಲ್ಲಿ ಎಲ್ಲ ಕಾರುಗಳದೂ ಒಂದೇ ಭಾಷೆ. ವಿದ್ಯುತ್ ಕಾರು, ಹೈಬ್ರಿಡ್‌ಗಳ ಬ್ಯಾಟರಿಯ ವಿಷಯದಲ್ಲಿ ಕಂಪನಿಗೊಂದು ಗುಟ್ಟುಭಾಷೆ. ದುಡ್ಡು ಕೊಟ್ಟು ಕೊಂಡ ಬ್ಯಾಟರಿಯ ಸೆಲ್ ಎಷ್ಟು ವೋಲ್ಟ್ ಇದೆಯೆಂದು ತಿಳಿಯಲು ಮಾಲೀಕ ಯಾರ ಅಪ್ಪಣೆಗೂ ಕಾಯಬೇಕಾಗಿ ಬರಬಾರದು.

ಚೆಕ್ ಎಂಜಿನ್ ದೀಪಕ್ಕೆ ಒಂದೇ ಮಾತು ಗೊತ್ತು. ಹೆದರಿಕೆ ಹುಟ್ಟುವುದು ದೀಪದಿಂದ, ಇಳಿಯುವುದು ಸ್ಕ್ಯಾನರ್ ಓದುವ ದೋಷದ ಕೋಡಿನಿಂದ.

ಕೋಡ್ ಬರಿಯ ದೂರು. ಪಿ0420 ಕಂಡೊಡನೆ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವವರಿದ್ದಾರೆ. ಅದು ಹೇಳಿದ್ದು ಇಷ್ಟೆ, ಹೊಗೆ ಶುದ್ಧವಾಗುತ್ತಿರುವಂತೆ ಕಾಣುತ್ತಿಲ್ಲ. ಹೊಗೆಕೊಳವೆಯ ಬಿರುಕು, ಸೋತ ಸೆನ್ಸರ್ ಕೂಡ ಅದೇ ದೂರನ್ನು ಬರೆಸಬಲ್ಲವು. ದೂರು ಓದಿಯೇ ಶಿಕ್ಷೆ ಕೊಟ್ಟವನ ಜೇಬು ದಂಡ ತೆರುತ್ತದೆ.

ದೋಷ ಕಂಡ ಕ್ಷಣದ ವೇಗ, ಬಿಸಿ, ಹೊರೆ ಎಲ್ಲವನ್ನೂ ಕಾರು ಹಾಗೆಯೇ ಹಿಡಿದಿಡುತ್ತದೆ. ಮನುಷ್ಯ ತಪ್ಪಿನ ಫಲವನ್ನು ನೆನೆಯುತ್ತಾನೆ. ಯಂತ್ರ ತಪ್ಪಿನ ಸನ್ನಿವೇಶವನ್ನು ನೆನೆಯುತ್ತದೆ.

ತುಮಕೂರಿನ ಬಿ.ಎಚ್. ರಸ್ತೆಯ ಗ್ಯಾರೇಜಿನವನ ಅನ್ನವನ್ನು ಸ್ಕ್ಯಾನರ್ ಕಸಿಯುವುದಿಲ್ಲ. ಊಹೆಯ ಬಿಲ್ಲನ್ನು ಕಸಿಯುತ್ತದೆ. ಬಲ್ಲ ಮೆಕ್ಯಾನಿಕ್ ಅದನ್ನು ತಾನೇ ಮೊದಲು ಕೊಂಡಿರುತ್ತಾನೆ.

ಗುಬ್ಬಿಯ ತೆಂಗಿನ ಬೆಳೆಗಾರ ಅಟ್ಟದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಸದ್ದು ಮಾಡಿದರೆ ಅದು ಚಿಪ್ಪು ಬಿಟ್ಟಿದೆ ಎಂದರ್ಥ. ಒಡೆಯದೆ ಒಳಗನ್ನು ಅರಿಯುವ ವಿದ್ಯೆ ಅದು. ಸ್ಕ್ಯಾನರಿನದೂ ಅದೇ ವಿದ್ಯೆ. ಬೆಳೆಗಾರನ ಕಿವಿ ಪಳಗಿದ್ದು ಸಾವಿರಾರು ಕಾಯಿಗಳಿಂದ. ಆ್ಯಪ್ ಇಳಿಸಿಕೊಂಡ ದಿನವೇ ಪಳಗಿದ ಕಣ್ಣು ಯಾರಿಗೂ ಬರದು.

ಒಂದು ದಿನದ ಅಂಕಿ ಮೂಕ. ಅದೇ ಹೊತ್ತಿಗೆ, ಅದೇ ಚಾರ್ಜಿನಲ್ಲಿ, ತಿಂಗಳಿಗೊಮ್ಮೆ ಬರೆದಿಟ್ಟ ಅಂಕಿಗೆ ಒಂದು ವರ್ಷದ ಮೇಲೆ ಮಾತು ಬರುತ್ತದೆ.

ವೋಲ್ಟ್, ಆಂಪಿಯರ್, ಉಷ್ಣತೆ. ಬ್ಯಾಟರಿಯಲ್ಲಿ ಕಾರು ಅಳೆಯುವುದು ಮುಖ್ಯವಾಗಿ ಇವನ್ನು. ‘ಆರೋಗ್ಯ ಶೇ 91’ ಎಂಬುದು ಅಳತೆಯಲ್ಲ, ಅಂದಾಜು. ಅಂದಾಜನ್ನು ನಂಬಬಹುದು; ಅದು ಅಂದಾಜೆಂಬುದನ್ನು ಮರೆಯಬಾರದು.

ಚಾರ್ಜ್ ಮೀಟರ್ ತೋರಿಸುವ ಸೊನ್ನೆ ನಿಜವಾದ ಸೊನ್ನೆಯಲ್ಲ, ತೋರಿಸುವ ನೂರು ನಿಜವಾದ ನೂರಲ್ಲ. ಬ್ಯಾಟರಿ ಬಾಳಲೆಂದು ಎರಡು ತುದಿಗೂ ಬೇಲಿ ಹಾಕಿರುತ್ತಾರೆ. ಬೇಲಿಯಾಚೆಗೂ ಹೊಲವಿದೆಯೆಂದು ಆ್ಯಪ್ ಕೆಲವೊಮ್ಮೆ ತೋರಿಸುತ್ತದೆ, ಉಳಲು ಬಿಡುವುದಿಲ್ಲ.

2001ರಲ್ಲಿ ಬೆಂಗಳೂರಿನ ವಿದ್ಯುತ್ ಕಾರು ರೇವಾ ರಸ್ತೆಗಿಳಿದಾಗ ಅದರ ಹೊಟ್ಟೆಯಲ್ಲಿದ್ದುದು ಎಂಟು ಸೀಸ–ಆಮ್ಲದ ಬ್ಯಾಟರಿಗಳು. ಅದೇ ಕಂಪನಿ 2009ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಇನ್ನೊಂದು ಯೋಚನೆಯನ್ನು ಮುಂದಿಟ್ಟಿತು. ನಡುದಾರಿಯಲ್ಲಿ ಚಾರ್ಜು ಮುಗಿದವನು ಒಂದು ಸಂದೇಶ ಕಳಿಸಿದರೆ ಸಾಕು, ಬ್ಯಾಟರಿಯಲ್ಲಿ ಕಾದಿರಿಸಿದ ಶಕ್ತಿ ದೂರದಿಂದಲೇ ಬಿಡುಗಡೆ. ವರ ದೊಡ್ಡದೇ. ಬೀಗದ ಕೈ ಮಾತ್ರ ಕಾರಿನೊಳಗೆ ಇರಲಿಲ್ಲ.

ಸಾಲಾಗಿ ಜೋಡಿಸಿದ ಸೆಲ್‌ಗಳ ಬಲ ಅವುಗಳಲ್ಲಿ ಅತಿ ದುರ್ಬಲವಾದುದರ ಬಲ. ಸರಾಸರಿ ನೋಡುವವನಿಗೆ ಇದು ಎಂದೂ ಕಾಣದು; ಕನಿಷ್ಠ ನೋಡುವವನಿಗೆ ಮೊದಲೇ ಕಾಣುತ್ತದೆ.

ನೆರಳಲ್ಲಿ ನಿಂತಾಗ ಎಲ್ಲ ಸೆಲ್‌ಗಳೂ ಸಮಾನ. ದೇವರಾಯನದುರ್ಗದ ಏರಿನಲ್ಲಿ ಅವುಗಳ ಅಂತರ ಬಯಲಾಗುತ್ತದೆ. ಹೊರೆ ಇಲ್ಲದಾಗ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ತುಂಬಿದ ಬ್ಯಾಟರಿಯೊಡನೆ ಬೆಟ್ಟ ಇಳಿಯುವವನಿಗೆ ಇಳಿಜಾರು ಏನನ್ನೂ ಕೊಡದು. ಬ್ರೇಕು ಮರಳಿಸುವ ವಿದ್ಯುತ್ತನ್ನು ಪಡೆಯಲು ಜಾಗ ಬೇಕು.

ಏಪ್ರಿಲ್ ಬಿಸಿಲಲ್ಲಿ ತುಂಬಿ ನಿಂತ ಬ್ಯಾಟರಿ, ಒಂದು ಮಾರು ಓಡದಿದ್ದರೂ ಮುಪ್ಪಾಗುತ್ತಿರುತ್ತದೆ. ಓಡಿದ ಕಿಲೋಮೀಟರ್ ಮೀಟರಿನಲ್ಲಿದೆ. ನಿಂತ ಬಿಸಿಲು ಸೆಲ್‌ಗಳಲ್ಲಿದೆ.

ತುಮಕೂರಿನಿಂದ ಗುಬ್ಬಿ ಸುಮಾರು 20 ಕಿ.ಮೀ. ಹೋಗಿ ಬರಲು ಪ್ಲಗ್‌ಇನ್ ಹೈಬ್ರಿಡ್‌ಗೆ ವಿದ್ಯುತ್ತೇ ಸಾಕಾಗಬಹುದು. ಆಗ ಎಂಜಿನ್ ವಾರಗಟ್ಟಲೆ ಮಲಗುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ. ಒಂದೇ ಬಾನೆಟ್ಟಿನಡಿ ಬಳಸಿ ಸವೆಯುವುದೂ ಇದೆ, ಬಳಸದೆ ಕೆಡುವುದೂ ಇದೆ. ಎರಡನ್ನೂ ಒಟ್ಟಿಗೆ ಕಾಯುವವನಿಗೆ ಎಂಜಿನ್ ಕಡೆಯ ಬಾರಿ ಯಾವಾಗ ಪೂರ್ತಿ ಬಿಸಿಯಾಯಿತು ಎಂಬ ಅಂಕಿ ಮೈಲೇಜಿಗಿಂತ ದೊಡ್ಡದು.

ಪ್ಲಗ್ ಇದ್ದ ಮಾತ್ರಕ್ಕೆ ಯಾರೂ ಚುಚ್ಚುವುದಿಲ್ಲ. ಕಾರುಗಳೊಳಗಿನ ಇಂಧನ ಮಾಪಕಗಳು ತಾವೇ ಒಪ್ಪಿಸಿದ ಲೆಕ್ಕವನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿತು. ಪ್ರಯೋಗಾಲಯ ಹೇಳಿದ್ದಕ್ಕಿಂತ ಪ್ಲಗ್‌ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಸರಾಸರಿ ಮೂರೂವರೆ ಪಟ್ಟು ಇಂಗಾಲದ ಡೈ ಆಕ್ಸೈಡ್ ಉಗುಳಿದ್ದವು. ಚಾರ್ಜಿಂಗ್ ತಂತಿ ಎಷ್ಟೋ ಕಾರುಗಳ ಡಿಕ್ಕಿಯಲ್ಲಿ ಸುತ್ತಿಟ್ಟಂತೆಯೇ ಉಳಿದಿತ್ತು. ಕಾರನ್ನು ಪ್ರಶ್ನಿಸಿದರು, ಉತ್ತರ ಮಾಲೀಕರ ಬಗ್ಗೆ ಬಂತು.

ಬಿಡದಿಯಿಂದ ಬರುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ ಪ್ಲಗ್ಗೇ ಇಲ್ಲ. ಅದರ ವಿದ್ಯುತ್ತಿಗೆ ಪೆಟ್ರೋಲೇ ತವರು, ಬ್ರೇಕು ಅದನ್ನು ಮರಳಿ ಕೂಡಿಸುತ್ತದೆ. ಆಯ್ಕೆ ಇಲ್ಲದಲ್ಲಿ ಮೈಗಳ್ಳತನಕ್ಕೂ ಎಡೆಯಿಲ್ಲ.

ಪಾವಗಡದ ಸೋಲಾರ್ ಪಾರ್ಕಿನಲ್ಲಿ 2,050 ಮೆಗಾವಾಟ್ ಸೂರ್ಯ ಹಗಲು ಹರಿಯುತ್ತಾನೆ. ಅದೇ ಜಿಲ್ಲೆಯ ಕಾರುಗಳು ರಾತ್ರಿ ಕುಡಿಯುತ್ತವೆ. ಎಷ್ಟು ಬಂತೆಂದು ಆ್ಯಪ್ ಹೇಳುತ್ತದೆ. ಎಲ್ಲಿಂದ ಬಂತೆಂದು ಯಾವ ಪಿನ್ನೂ ಹೇಳದು.

ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ ಕುದುರೆ ಸಾಕುತ್ತಿದ್ದಾರೆ. ಕುದುರೆಗೆ ಮಾತು ಬಾರದು, ಅದಕ್ಕೇ ಸುಳ್ಳೂ ಬಾರದು. ಮಾತು ಕಲಿತ ಯಂತ್ರಕ್ಕೆ ಎರಡೂ ಬರುತ್ತವೆ.

2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆಕೊಳವೆಗೇ ಮಾಪಕ ಕಟ್ಟಿ ರಸ್ತೆಯಲ್ಲಿ ಓಡಿಸಿದರು. ಬೆಂಗಳೂರಿನ ಹೇಮಂತ್ ಕಪ್ಪಣ್ಣ ಆ ತಂಡದಲ್ಲಿದ್ದರು. ಒಳಗಿನ ಕಂಪ್ಯೂಟರ್ ಎಲ್ಲವೂ ಸರಿಯೆನ್ನುತ್ತಿತ್ತು. ಹೊಗೆ ಮಿತಿಯ ಹಲವು ಪಟ್ಟಿತ್ತು. 2015ರಲ್ಲಿ ಬಯಲಾದ ಆ ಮೋಸದಲ್ಲಿ ಜಗತ್ತಿನ ಸುಮಾರು 1.1 ಕೋಟಿ ಕಾರುಗಳಿದ್ದವು. ಕಾರು ತನಗೆ ಕಲಿಸಿದ್ದನ್ನೇ ಹೇಳುತ್ತದೆ. ಕಲಿಸಿದವನು ಯಾರೆಂದು ಕೇಳುವ ಗುಂಡಿ ಯಾವ ಆ್ಯಪಿನಲ್ಲೂ ಇಲ್ಲ.

ಕೋಡ್ ಅಳಿಸುವುದು ಒಂದು ಬೆರಳಿನ ಕೆಲಸ. ಅಳಿಸಿದ ಮೇಲೆ ಎಷ್ಟು ದೂರ ಓಡಿತೆಂಬುದನ್ನೂ ಕಾರು ಎಣಿಸುತ್ತಿರುತ್ತದೆ.

ಕೆಲವು ಕಾರುಗಳಲ್ಲಿ ಸ್ಕ್ಯಾನರಿಗೂ ಅಳಿಯದ ಕೋಡುಗಳಿವೆ. ದೋಷ ವಾಸಿಯಾಗಿದೆಯೆಂದು ಕಾರಿಗೇ ಮನದಟ್ಟಾದ ದಿನ ಅವು ತಾವಾಗಿ ಹೋಗುತ್ತವೆ. ಇಂಥ ಕ್ಷಮೆಯನ್ನು ಯಂತ್ರಕ್ಕೆ ಕಲಿಸಿದವನು ದೊಡ್ಡವನು.

ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹಾರುವ ಯಂತ್ರಕ್ಕೆ ರಸ್ತೆಬದಿ ಎಂಬುದಿಲ್ಲ, ಆದ್ದರಿಂದ ಅದರ ಭಾಗಗಳನ್ನು ಕೆಡುವ ಮುನ್ನವೇ ಬದಲಿಸುತ್ತಾರೆ. ಕಾರಿನವನು ದೀಪ ಹತ್ತುವವರೆಗೂ ಕಾಯುವುದು ರಸ್ತೆಬದಿಯ ಧೈರ್ಯದಿಂದ.

ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ನೆಲ ಈಗ ಇಸ್ರೋದ್ದು. ಬೆನ್ನು ಬಿಚ್ಚಿ ನೋಡಬಹುದಾದ ಯಂತ್ರ ಹೋಯಿತು, ಅಂಕಿಗಳಿಂದಲೇ ಅರಿಯಬೇಕಾದ ಯಂತ್ರ ಬಂತು. ಎರಡರ ನಡುವೆ ಕಳೆದದ್ದು ಒಂದು ತಲೆಮಾರು.

ಕಿತ್ತಳೆ ಬಣ್ಣದ ತಂತಿಯಲ್ಲಿ ನೂರಾರು ವೋಲ್ಟ್. ಆ್ಯಪ್ ಕಣ್ಣಿಗೆ ಕೊಟ್ಟ ಅಧಿಕಾರವನ್ನು ಕೈಗೆ ಕೊಟ್ಟಿಲ್ಲ.

ಕೇಳುವವನೂ ಉಣ್ಣುತ್ತಾನೆ. ಕಿತ್ತಿಡದೆ ಬಿಟ್ಟ ಡಾಂಗಲ್ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಹೀರುತ್ತಿರುತ್ತದೆ. ಚಿಕ್ಕದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದೂ ಕಾರು ಏಳುವುದಿಲ್ಲ.

ನೆಲಮಂಗಲ ದಾಟಿ ಕುಣಿಗಲ್ ಹೆದ್ದಾರಿಗೆ ಬಿದ್ದವನು ಮೊಬೈಲಿನ ಗ್ರಾಫ್ ನೋಡಬಾರದು. ಸೆಲ್‌ನ ಉಷ್ಣತೆ ಸಂಜೆಗೂ ಓದಲು ಸಿಗುತ್ತದೆ. ಎದುರಿನ ಲಾರಿ ಈಗಲೇ ಬರುತ್ತದೆ.

ಹಳೆ ಕಾರು ಕೊಳ್ಳುವವನು ಬಣ್ಣ ನೋಡುತ್ತಾನೆ, ಟೈರ್ ಒದೆಯುತ್ತಾನೆ. ಹೊರಡುವ ಮುಂಚೆ ಸ್ಕ್ಯಾನರಿನ ಒಂದು ಓದು, ಏರು ಹತ್ತಿದ ಮೇಲೆ ಇನ್ನೊಂದು ಓದು ಕೇಳಲಿ. ಮಾರುವವನು ಒಪ್ಪದಿದ್ದರೆ ಅದೂ ಒಂದು ಓದು.

ಆರೋಗ್ಯ ಶೇ 70ಕ್ಕೆ ಇಳಿದ ಬ್ಯಾಟರಿ ಕಾರಿಗೆ ಸಾಲದಿರಬಹುದು. ತೋಟದ ಮನೆಯ ಸೋಲಾರ್ ದೀಪಗಳಿಗೆ ಅದು ಇನ್ನೂ ಧಾರಾಳ. ಅದನ್ನು ಬಿಚ್ಚಿ ಜೋಡಿಸುವ ನುರಿತವನು ಬಂದಾಗ, ಯಾವ ಸೆಲ್ ಉಳಿಯಬೇಕು, ಯಾವುದು ಹೋಗಬೇಕು ಎಂದು ತೋರಿಸುವುದು ಅಷ್ಟು ವರ್ಷ ತಿಂಗಳಿಗೊಮ್ಮೆ ಬರೆದಿಟ್ಟ ಆ ಪಟ್ಟಿ.