ಹಿತ್ತಲಲ್ಲಿ ಯಾರ ಪಾಲು ಎಷ್ಟು?

ಮೇ ತಿಂಗಳ ಮಧ್ಯದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆಯಿತೆಂದರೆ ಸಾಕು, ಲಿವೋನಿಯಾದ ನಮ್ಮ ಮನೆಗಳಲ್ಲಿ ಹಿತ್ತಲಿನ ಸಂಭ್ರಮ ಶುರು. ಕಿಟಕಿಯ ಬಳಿ ಚಳಿಗಾಲ ಕಳೆದ ತುಳಸಿ, ಕರಿಬೇವು, ಮಲ್ಲಿಗೆಯ ಕುಂಡಗಳು ಹೊರಗೆ ಬರುತ್ತವೆ. ಮೆಂತ್ಯ, ಹಾಗಲ, ಹೀರೆಗಳಿಗೆ ಪಾತಿ ಸಿದ್ಧವಾಗುತ್ತದೆ. ಇದರ ಜೊತೆಗೆ ಇನ್ನೊಂದು ಆಸೆಯೂ ಇರುತ್ತದೆ: ಮಕ್ಕಳು ನೋಡಿ ನಲಿಯಲು ನಾಲ್ಕು ಚಿಟ್ಟೆ, ಎರಡು ಹಕ್ಕಿ, ಅದೃಷ್ಟವಿದ್ದರೆ ಒಂದು ಹಮ್ಮಿಂಗ್ ಬರ್ಡ್ ಬರಲಿ ಎಂದು. ಹಾಗಾದರೆ ಈ ನೆಲದ್ದೇ ಗಿಡಗಳನ್ನು ನೆಡಿ ಎನ್ನುತ್ತಾರೆ ತಿಳಿದವರು. ಆಸೆ ಒಳ್ಳೆಯದೇ. ಆದರೆ ಅದರೊಳಗೆ ಒಂದು ಧರ್ಮದ ಪ್ರಶ್ನೆ ಅಡಗಿದೆ. ಕರೆದವರು ನಾವು, ಬಂದವರಿಗೆ ಬಡಿಸಲು ಸಿದ್ಧರಿದ್ದೇವೆಯೇ?

ಮೊನಾರ್ಕ್ ಚಿಟ್ಟೆಯನ್ನೇ ನೋಡಿ. ರೆಕ್ಕೆ ಬಂದ ಮೇಲೆ ಅದು ಎಷ್ಟೋ ಬಗೆಯ ಹೂಗಳ ಮಕರಂದ ಹೀರಬಲ್ಲದು. ಆದರೆ ಅದರ ಮರಿಹುಳುವಿಗೆ ಮಿಲ್ಕ್‌ವೀಡ್ ಎಲೆಯೊಂದೇ ಆಹಾರ. ಮಿಲ್ಕ್‌ವೀಡ್ ಎಂದರೆ ಏನೋ ಪರಕೀಯ ಗಿಡ ಅನ್ನಿಸಬಹುದು. ಎಲೆ ಕಿತ್ತರೆ ಹಾಲು ಒಸರುವ ಈ ಗಿಡ ನಮ್ಮ ಎಕ್ಕದ ಕುಟುಂಬಕ್ಕೇ ಸೇರಿದ್ದು! ರಥಸಪ್ತಮಿಯ ದಿನ ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಅದೇ ಎಕ್ಕ. ಊರಿನಲ್ಲಿ ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಪ್ಲೈನ್ ಟೈಗರ್ ಚಿಟ್ಟೆ ಇಲ್ಲಿನ ಮೊನಾರ್ಕ್‌ಗೆ ಹತ್ತಿರದ ದಾಯಾದಿ. ಮೊನಾರ್ಕ್ ಮರಿಹುಳು ಆ ಹಾಲಿನ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಬರುವುದು ಕಡಿಮೆ.

ಅಂದರೆ, ಚಿಟ್ಟೆ ಬೇಕಾದರೆ ಹುಳು ಬೇಕು. ಹುಳು ಬೇಕಾದರೆ ಎಲೆಗಳು ತೂತಾಗಬೇಕು. ಹಕ್ಕಿಗಳ ಕಥೆಯೂ ಹೀಗೆಯೇ. ಡೆಲವೇರ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಡಗ್ಲಸ್ ಟ್ಯಾಲಮಿ ಹೇಳುವಂತೆ, ಪುಟ್ಟ ಚಿಕಡೀ ಹಕ್ಕಿಗಳ ಒಂದು ಜೋಡಿ ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಮರಿಹುಳುಗಳನ್ನು ಹೆಕ್ಕಿ ತರಬೇಕು. ನಾವು ತೂಗುಹಾಕಿದ ಡಬ್ಬದ ಕಾಳಿನಿಂದ ಮರಿಗಳು ಬೆಳೆಯುವುದಿಲ್ಲ. ಹುಳುಗಳನ್ನು ನೂರಾರು ಬಗೆಯಲ್ಲಿ ಪೋಷಿಸುವುದು ಇಲ್ಲಿನ ಓಕ್ ಮರ. ಏಷ್ಯಾದಿಂದ ತಂದ ಗಿಂಕೋ ಮರವನ್ನು ಇಲ್ಲಿನ ಹುಳುಗಳು ಮುಟ್ಟುವುದೇ ಅಪರೂಪ. ನೋಡಲು ಎರಡೂ ಹಸಿರೇ. ಒಂದು ಅನ್ನಛತ್ರ, ಇನ್ನೊಂದು ಬೀಗ ಹಾಕಿದ ಮನೆ.

ನಮ್ಮ ಹಿರಿಯರು ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಗೋವಿಗೆ ಗ್ರಾಸ, ಕಾಗೆಗೆ ಎಡೆ, ಇರುವೆಗೆ ಅಕ್ಕಿಹಿಟ್ಟಿನ ರಂಗೋಲಿ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಇದು ಉಂಡು ಮಿಕ್ಕಿದ್ದನ್ನು ಹಾಕುವುದಲ್ಲ. ಉಣ್ಣುವ ಮೊದಲೇ ಎತ್ತಿಡುವುದು. ಕಾಗೆ ನಮ್ಮನ್ನು ರಂಜಿಸಲಿ ಎಂಬ ಷರತ್ತೂ ಅದರಲ್ಲಿಲ್ಲ. ಚೆಂದದ ಚಿಟ್ಟೆಗೆ ಸ್ವಾಗತ, ಅದರ ಹುಳುವಿಗೆ ಕೀಟನಾಶಕ ಎಂದರೆ ಅದು ಆತಿಥ್ಯವಲ್ಲ, ಅಲಂಕಾರ.

ಕೊಡುವುದೆಂದರೆ ಏನೆಂದು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರನ್ನು ಕೇಳಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವನ್ನು ಕಾಣುತ್ತಾರೆ. ಹಿಕ್ಕೆಯ ವಾಸನೆ, ಗದ್ದಲ, ಕೈತಪ್ಪುವ ಹುಣಸೆ ಫಸಲು ಎಲ್ಲವನ್ನೂ ಸಹಿಸಿದ್ದಾರೆ. ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ. ಊರಿನವರ ಔದಾರ್ಯ ಅದಕ್ಕಿಂತ ಬಹಳ ಹಿಂದಿನದು. ಅವರಿಗೆ ಹೋಲಿಸಿದರೆ ನಮ್ಮಿಂದ ಕೇಳುತ್ತಿರುವುದು ನಾಲ್ಕು ತೂತಾದ ಎಲೆ ಮಾತ್ರ!

ಇಲ್ಲಿ ಒಂದು ಮಾತು ನಮ್ಮಂಥವರನ್ನು ಚುಚ್ಚದೆ ಇರದು. "ನಾವೇ ಹೊರಗಿನಿಂದ ಬಂದವರು. ಈ ನೆಲದ್ದು ಮೇಲು, ಹೊರಗಿನದು ಕೀಳು ಎನ್ನುವ ಮಾತನ್ನು ನಾವು ಹೇಗೆ ಒಪ್ಪುವುದು?" ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿರುವುದು ಮೇಲು-ಕೀಳಿನ ಲೆಕ್ಕವಲ್ಲ, ಯಾರು ಯಾರಿಗೆ ಅನ್ನ ಕೊಡುತ್ತಾರೆ ಎಂಬ ಲೆಕ್ಕ. ನಮ್ಮ ಹುಲ್ಲುಹಾಸಿನ ಕೆಂಟಕಿ ಬ್ಲೂಗ್ರಾಸ್ ಕೂಡ ಯೂರೋಪಿನ ಕಡೆಯಿಂದ ಬಂದದ್ದೇ! ಕುಂಡದ ತುಳಸಿ ಯಾರ ಜಾಗವನ್ನೂ ಕಸಿಯುವುದಿಲ್ಲ. ಹೊರಗೆ ಬಿಟ್ಟರೆ ಮೊದಲ ಹಿಮಕ್ಕೇ ಬಾಡುತ್ತದೆ. ಬೇಲಿಗೆಂದು ಯೂರೋಪಿನಿಂದ ತಂದ ಬಕ್‌ಥಾರ್ನ್ ಹಾಗಲ್ಲ, ಕಾಡಿಗೆ ನುಗ್ಗಿ ಉಳಿದವನ್ನು ಹೊಸಕಿಹಾಕುತ್ತದೆ. ಗಿಡಕ್ಕೆ ಆಯ್ಕೆಯಿಲ್ಲ, ಮನುಷ್ಯನಿಗಿದೆ. ಬಂದ ನೆಲದ ಋಣವನ್ನು ತಿಳಿದು ತೀರಿಸುವ ಶಕ್ತಿ ನಮಗುಂಟು. 1807ರ ಡೆಟ್ರಾಯಿಟ್ ಒಪ್ಪಂದದಲ್ಲಿ ಇಲ್ಲಿನ ಮೂಲನಿವಾಸಿಗಳು ಈ ಪ್ರದೇಶವನ್ನು ಬಿಟ್ಟುಕೊಡಬೇಕಾಯಿತು. ಕಾಡು ಹೊಲವಾಯಿತು. 1950ರಲ್ಲಿ ಲಿವೋನಿಯಾ ನಗರವಾದ ಮೇಲೆ ಹೊಲಗಳು ಮನೆಗಳ ಸಾಲಾದವು. ನಮ್ಮ ಕೈಗೆ ಬಂದದ್ದು ಆ ಕಥೆಯ ಕೊನೆಯ ಒಂದು ತುಣುಕು. ಅದನ್ನೂ ಪೂರ್ತಿ ನಮಗೇ ಎಂದು ಇಟ್ಟುಕೊಳ್ಳಬೇಕೇ?

ಹಾಗೆಂದು ಹಿತ್ತಲನ್ನೆಲ್ಲ ಬಿಟ್ಟುಕೊಡಿ ಎನ್ನುತ್ತಿಲ್ಲ. ಗೃಹಸ್ಥನಿಗೂ ಅವನ ಪಾಲಿದೆ. ಮೊಲದಿಂದ ಮೆಂತ್ಯವನ್ನು ಉಳಿಸಲು ಬಲೆ ಕಟ್ಟಿದರೆ ತಪ್ಪೇನೂ ಇಲ್ಲ. ಒಂದು ಮೂಲೆಯನ್ನು ಮೊದಲೇ ಎತ್ತಿಡೋಣ. ನೀರು ನಿಲ್ಲುವ ಜಾಗವಿದ್ದರೆ ಸ್ವಾಂಪ್ ಮಿಲ್ಕ್‌ವೀಡ್, ಬಿಸಿಲಿದ್ದರೆ ನ್ಯೂ ಇಂಗ್ಲೆಂಡ್ ಆಸ್ಟರ್, ಗೋಲ್ಡನ್‌ರಾಡ್. ಸೀನು ತರಿಸುವುದು ಗೋಲ್ಡನ್‌ರಾಡ್ ಎಂಬ ಅಪವಾದವಿದೆ. ನಿಜವಾದ ಅಪರಾಧಿ ಅದೇ ಹೊತ್ತಿಗೆ ಹೂ ಬಿಡುವ ರ‍್ಯಾಗ್‌ವೀಡ್. ಕೊಳ್ಳುವಾಗ ಸಸಿಗೆ ಕೀಟನಾಶಕ ಹಾಕಿದ್ದಾರೆಯೇ ಎಂದು ವಿಚಾರಿಸಿ. ಶರತ್ಕಾಲದಲ್ಲಿ ಆ ಮೂಲೆಯ ಒಣ ಎಲೆಗಳನ್ನು ಗುಡಿಸಬೇಡಿ, ಅದರಡಿ ಎಷ್ಟೋ ಜೀವಗಳು ಚಳಿ ಕಳೆಯುತ್ತವೆ. ನಗರದ ನಿಯಮ ತಿಳಿದುಕೊಂಡು, ಅಂಚನ್ನು ಒಪ್ಪವಾಗಿಡಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ.

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ಮೊನಾರ್ಕನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾಪ ಮಾಡಿತು. ಬೇಸಿಗೆಯ ಕೊನೆಗೆ ಮಿಷಿಗನ್‌ನಲ್ಲಿ ಹುಟ್ಟುವ ಮೊನಾರ್ಕ್‌ಗಳು ಸುಮಾರು 3,000 ಕಿ.ಮೀ. ದೂರದ ಮೆಕ್ಸಿಕೋದ ಬೆಟ್ಟದ ಕಾಡುಗಳಿಗೆ ಹಾರುತ್ತವೆ, ತಾವು ಒಮ್ಮೆಯೂ ಕಾಣದ ಊರಿಗೆ. ನವೆಂಬರ್ ಮೊದಲಲ್ಲಿ ಅವು ತಲುಪಿದಾಗ ಅಲ್ಲಿನವರು ಅಗಲಿದ ಹಿರಿಯರೇ ಮರಳಿದರೆಂದು ಭಾವಿಸುವುದುಂಟು. ಅವು ಇಲ್ಲಿಂದ ಹೊರಡುವ ಹೊತ್ತಿಗೆ ಸಾಮಾನ್ಯವಾಗಿ ನಮ್ಮಲ್ಲೂ ಪಿತೃಪಕ್ಷ ಹತ್ತಿರವಾಗಿರುತ್ತದೆ. ಈ ವರ್ಷ ಎಡೆ ಇಡುವಾಗ, ಹಿತ್ತಲಿನ ಆ ಮೂಲೆಯೂ ಒಂದು ಎಡೆಯೇ ಎಂದು ಮಕ್ಕಳಿಗೆ ತೋರಿಸಿದರೆ ಹೇಗೆ?