ನಂಬದವರ ಮುಪ್ಪಿಗೆ ಜೊತೆ ಯಾರು?

ಮಠ, ಗುಡಿ, ಚರ್ಚು, ಮಸೀದಿ ಯಾವುದರ ಹಂಗೂ ಬೇಡವೆಂದು ಬದುಕಿದವರನ್ನೂ ಮುಪ್ಪಿನಲ್ಲಿ ಕೆಲವು ಪ್ರಶ್ನೆಗಳು ಬಿಡದೆ ಕಾಡುತ್ತವೆ. ಬಾಳಿದ್ದು ಸಾರ್ಥಕವಾಯಿತೆ? ಮಾಡಿದ ತಪ್ಪನ್ನು ಯಾರೆದುರು ಹೇಳಿಕೊಳ್ಳುವುದು? ಧರ್ಮಗಳು ಇವಕ್ಕೆ ಉತ್ತರವನ್ನಷ್ಟೇ ಅಲ್ಲ, ಆಚರಣೆಯನ್ನೂ ಜೊತೆಗೆ ಕೂರುವ ಜನರನ್ನೂ ಒದಗಿಸಿವೆ. ಹೊರಗೆ ಉಳಿದವರಿಗೆ ಏನು ಸಿಗಬೇಕು ಎಂಬುದೇ ಈ ಸಂವಾದದ ವಿಷಯ. ಮಾತಾಡುವವರಲ್ಲಿ ಒಬ್ಬರು ದೇವರನ್ನು ಒಪ್ಪದ ನಿವೃತ್ತ ವಿಜ್ಞಾನದ ಮೇಷ್ಟ್ರು, ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಉಪಶಮನ ಆರೈಕೆಯ ವಾರ್ಡಿನ ನರ್ಸ್.

ಮೇಷ್ಟ್ರು: ದಾರಿ ತೋರಿಸಬೇಕಾದರೆ ತೋರಿಸುವವನಿಗೆ ಊರು ಗೊತ್ತಿರಬೇಕಲ್ಲಮ್ಮ. ಸತ್ತ ಮೇಲೆ ಏನೂ ಇಲ್ಲ ಅನ್ನುವವನಿಗೆ ಯಾವ ಊರಿನ ದಾರಿ ತೋರಿಸುತ್ತೀಯ?

ನರ್ಸ್: ಸತ್ತ ಮೇಲಿನದನ್ನು ಕೇಳುವವರು ನಮ್ಮ ವಾರ್ಡಿನಲ್ಲಿ ಕಡಿಮೆ ಮೇಷ್ಟ್ರೇ. ಹೆಂಡತಿ ಮಾತಿಗೆ ಒಂದು ದಿನವೂ ಬೆಲೆ ಕೊಡಲಿಲ್ಲ, ಇನ್ನೂ ಯಾಕೆ ಬದುಕಿದ್ದೀನಿ, ಇಂಥವೇ ಹೆಚ್ಚು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ಬರೀ ಮೈಯದಲ್ಲ, ಮನಸ್ಸು, ಸಂಸಾರ, ಬಾಳಿನ ಅರ್ಥ ಎಲ್ಲವೂ ಅದರಲ್ಲಿ ಹೆಣೆದುಕೊಂಡಿರುತ್ತವೆ ಎಂದು ಕಲಿಸಿದರು. ಆಕೆ ದೈವಭಕ್ತೆಯೇ. ಆದರೆ ಆ ನೋವು ಭಕ್ತರಿಗಷ್ಟೇ ಬರುವುದಲ್ಲ. ಮಾರ್ಫಿನ್ ಕೊಟ್ಟ ಮೇಲೂ ಅದು ಉಳಿದಿರುತ್ತೆ.

ಮೇಷ್ಟ್ರು: ಅದಕ್ಕೆ ಮನೋವೈದ್ಯರಿದ್ದಾರಲ್ಲ?

ನರ್ಸ್: ಖಿನ್ನತೆಯಾದರೆ ಅವರೇ ಬೇಕು. ಪಶ್ಚಾತ್ತಾಪ ಕಾಯಿಲೆಯಲ್ಲವಲ್ಲ. ನೆದರ್ಲೆಂಡ್ಸ್‌ನಲ್ಲಿ ಇದನ್ನು ಬೇರೆಯೇ ಕಸುಬಾಗಿ ಬೆಳೆಸಿದ್ದಾರೆ. ಯಾಪ್ ಫಾನ್ ಪ್ರಾಗ್ ಮತ್ತವರ ಸಂಗಡಿಗರು 1946ರಲ್ಲಿ ಮಾನವತಾವಾದಿಗಳ ಒಕ್ಕೂಟ ಕಟ್ಟಿದರು. ಈಗ ಅಲ್ಲಿನ ಆಸ್ಪತ್ರೆ, ಸೇನೆ, ಸೆರೆಮನೆಗಳಲ್ಲಿ ಪಾದ್ರಿಗಳ ಜೊತೆಗೇ ಧರ್ಮದ ಹೊರಗಿನ ಆಪ್ತಸಲಹೆಗಾರರೂ ಇದ್ದಾರೆ. ಇಂಥವರನ್ನು ತಯಾರು ಮಾಡುವ ವಿಶ್ವವಿದ್ಯಾಲಯವೊಂದು 1989ರಿಂದ ಉಟ್ರೆಕ್ಟ್‌ನಲ್ಲಿದೆ. 2019ರಲ್ಲಿ ಸರ್ಕಾರ ಐವತ್ತು ದಾಟಿದವರ ಮನೆಗೇ ಇಂಥ ಸಲಹೆಗಾರರು ಹೋಗುವುದಕ್ಕೆ ಹಣ ಕೊಡಲು ಶುರುಮಾಡಿತು.

ಮೇಷ್ಟ್ರು: ಹೋಗಿ ಮಾಡುವುದೇನು?

ನರ್ಸ್: ಹೆಚ್ಚಾಗಿ ಕೇಳಿಸಿಕೊಳ್ಳುವುದು. ಅದು ಸುಲಭವಲ್ಲ. ನಮ್ಮಲ್ಲಿ ಗುಮಾಸ್ತರಾಗಿದ್ದ ಒಬ್ಬ ಹಿರಿಯರಿದ್ದರು. ಭಜನೆಯವರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ರಾತ್ರಿಯೆಲ್ಲ ಹೊದಿಕೆಯ ಅಂಚನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಮಗ ಬಂದು “ಹಳೇದೆಲ್ಲ ಬಿಡಿ ಅಪ್ಪ, ನೀವೇನು ಕಮ್ಮಿ ಮಾಡಿದ್ರಿ” ಅನ್ನೋನು. ಸಮಾಧಾನ ಹೇಳಿದಷ್ಟೂ ಅವರು ಬಾಯಿ ಬಿಗಿದರು. ಒಂದು ರಾತ್ರಿ ಸ್ಟೂಲು ಎಳೆದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತೆ. ಎಷ್ಟೋ ಹೊತ್ತಾದ ಮೇಲೆ ಹೇಳಿದರು: ತಮ್ಮನ ಪಾಲಿನ ಜಮೀನನ್ನು ಸುಳ್ಳು ಸಹಿ ಹಾಕಿ ಮಾರಿದ್ದರಂತೆ. ತಮ್ಮ ತೀರಿಕೊಂಡು ವರ್ಷಗಳಾಗಿದ್ದವು.

ಮೇಷ್ಟ್ರು: ನನಗೆ ತೊಡಕಿರುವುದು ಇಲ್ಲೇ. ಭಕ್ತನಾದರೆ ದೇವರ ಮುಂದೆ ಕೈಮುಗಿದು ಅಳುತ್ತಾನೆ. ಈ ಮನುಷ್ಯನನ್ನು ಕ್ಷಮಿಸುವವರು ಯಾರು? ನಿನಗೇನು ಹಕ್ಕಿದೆ?

ನರ್ಸ್: ಇಲ್ಲ. ಅದಕ್ಕೇ “ಪರವಾಗಿಲ್ಲ ಬಿಡಿ” ಅನ್ನಲಿಲ್ಲ. “ತಪ್ಪೇ ಅದು” ಅಂದೆ. ಆವರೆಗೆ ಯಾರೂ ಹಾಗೆ ಅಂದಿರಲಿಲ್ಲ. ತಮ್ಮನ ಮಗಳೊಬ್ಬಳಿದ್ದಾಳೆ ಅಂದರು. ಅವರು ಹೇಳಿದ್ದನ್ನು ಹಾಗೆಯೇ ಕಾಗದದಲ್ಲಿ ಬರೆದೆ, ಜೊತೆಗೆ ದುಡ್ಡನ್ನೂ ಕಳಿಸಿದರು. ಉತ್ತರ ಬರಲಿಲ್ಲ. ನೆಮ್ಮದಿ ಸಿಕ್ಕಿತು ಅಂತ ನಾನು ಹೇಳಿದರೆ ಸುಳ್ಳಾಗುತ್ತೆ.

ಧರ್ಮದ ಹೊರಗಿನ ಮಾರ್ಗದರ್ಶನದ ಮಿತಿ ಇಲ್ಲಿ ಎದ್ದು ಕಾಣುತ್ತದೆ. ಪಾಪವನ್ನು ತೊಳೆಯುವ ಅಧಿಕಾರ ಅದಕ್ಕಿಲ್ಲ. ತಪ್ಪನ್ನು ತಪ್ಪೆಂದೇ ಕೇಳಿಸಿಕೊಂಡು, ತಿದ್ದಬಹುದಾದಷ್ಟನ್ನು ತಿದ್ದಲು ಕೈಜೋಡಿಸುವುದು ಮಾತ್ರ ಸಾಧ್ಯ. ಅಷ್ಟಕ್ಕೂ ತರಬೇತಿ ಬೇಕು. ವೃದ್ಧರು ಹಳೆಯದನ್ನು ಮೆಲುಕು ಹಾಕುವುದು ಅರಳುಮರಳಲ್ಲ, ಸಾವು ಸಮೀಪಿಸಿದಾಗ ಸಹಜವಾಗಿ ನಡೆಯುವ ಬಾಳಿನ ಮರುನೋಟ ಎಂದು 1963ರಲ್ಲಿ ಬರೆದ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್, ಅದು ಕೆಲವರನ್ನು ಹತಾಶೆಗೆ ನೂಕಬಹುದೆಂದೂ ಎಚ್ಚರಿಸಿದ್ದರು.

ಮೇಷ್ಟ್ರು: ನನಗೆ ದೇವರಿಲ್ಲದ್ದು ಕೊರತೆ ಅನ್ನಿಸಿಲ್ಲ ಕಣಮ್ಮ. ಸಂಜೆಗಳು ಖಾಲಿಯಾಗಿವೆ. ಓರಗೆಯವರೆಲ್ಲ ರಾಮಮಂದಿರದ ಜಗಲಿಯಲ್ಲಿರುತ್ತಾರೆ. ಮದುವೆಗಾದರೆ ಕುವೆಂಪು ಪುರೋಹಿತರಿಲ್ಲದ ಮಂತ್ರಮಾಂಗಲ್ಯ ಕೊಟ್ಟರು, 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆಯೇ ಹಾಗೆ ಆಯಿತು. ಸಾವಿನ ಮನೆಗೆ ಅಂಥದ್ದೇನಿದೆ?

ನರ್ಸ್: ಎಲ್ಲರೂ ಒಪ್ಪಿದಂಥದ್ದು ಇಲ್ಲ, ನಾವೇ ಮಾಡಿಕೊಳ್ಳಬೇಕು. ದೇಹದಾನವೋ ದಹನವೋ, ಯಾರು ಮಾತಾಡಬೇಕು, ಯಾವ ಹಾಡು, ಎಲ್ಲ ಬರೆದಿಡಿ. ಮಕ್ಕಳ ಜೊತೆ ಕೂತೇ ಬರೆಯಿರಿ. ಅವರಿಗೆ ತಿಥಿ ಬೇಕಾಗಬಹುದು. ಆ ದುಃಖ ಅವರದು. ಜಗಲಿಗೂ ಹೋಗಿ, ಜಗಲಿಯಲ್ಲಿ ಕೂತವರೆಲ್ಲ ಒಳಗೆ ಹೋಗಿ ಕೈಮುಗಿದವರಲ್ಲ.

ಮೇಷ್ಟ್ರು: ನನ್ನಂಥವನೇ ಕೊನೇ ಗಳಿಗೆಯಲ್ಲಿ ರಾಮನಾಮ ಹೇಳು ಅಂದರೆ?

ನರ್ಸ್: ಹೇಳುತ್ತೇನೆ. ಕೊನೆಗೂ ದಾರಿಗೆ ಬಂದರು ಅಂತ ಯಾರಿಗೂ ಸಾರುವುದಿಲ್ಲ. ಕೇಳದಿದ್ದವರ ಕಿವಿಯಲ್ಲಿ ಹೇಳುವುದಕ್ಕೆ ಯಾರನ್ನೂ ಬಿಡುವುದಿಲ್ಲ, ಅವರು ಸ್ವಂತ ಮಕ್ಕಳೇ ಆಗಿರಲಿ.

ಮೇಷ್ಟ್ರು: ಹಾಗಾದರೆ ನನ್ನ ಮಕ್ಕಳ ಎದುರು ಈ ಮಾತು ನೀನೇ ಆಡಬೇಕು. ಭಾನುವಾರ ಇಬ್ಬರೂ ಇರುತ್ತಾರೆ.